ನಿನ್ನಮ್ಮನ ನಂಬಿಕೆ ಸೋಲಲಿಲ್ಲ

ಚಿರಂಜೀವಿಗೆ ಚಿಕ್ಕಮ್ಮನ ಆಶೀರ್ವಾದಗಳು.

ಜೀವಮಾನವಿಡೀ ದೇವರನ್ನು ನೆನೆದ ಅಮ್ಮ ಕೊನೆಯ ತಿಂಗಳುಗಳಲ್ಲಿ ಪ್ರಾರ್ಥನೆ ಬಿಟ್ಟಳು, ಒಮ್ಮೊಮ್ಮೆ ದೇವರನ್ನೇ ಬೈದಳು. ಕಾಯಿಲೆಯ ಮುಂದೆ ಅವಳ ಭಕ್ತಿ ಸೋತಿತೇ ಎಂದು ಕೇಳಿದ್ದೀಯ. ಇಲ್ಲ ಕಣೋ. ಈ ಪ್ರಶ್ನೆ ಹೊತ್ತುಕೊಂಡು ನೀನು ಒಳಗೊಳಗೇ ಬೇಯುವುದನ್ನು ನಾನು ನೋಡಲಾರೆ.

ಮೊದಲು ದೇಹದ ಮಾತು. ಸಾವು ಹತ್ತಿರವಾದಾಗ ಬಹಳಷ್ಟು ರೋಗಿಗಳಿಗೆ ಬುದ್ಧಿ ಕಲಕಿಹೋಗುತ್ತದೆ. ವೈದ್ಯರು ಅದನ್ನು ಡೆಲಿರಿಯಮ್ ಅನ್ನುತ್ತಾರೆ. ಮೂತ್ರಪಿಂಡ, ಯಕೃತ್ತು ಕೈಕೊಟ್ಟಾಗ, ಸೋಂಕು ಏರಿದಾಗ, ಕೆಲವೊಮ್ಮೆ ನೋವಿನ ಔಷಧಿಯಿಂದಲೂ ಹೀಗಾಗುತ್ತದೆ. ಬೆಳಿಗ್ಗೆ ಸರಿಯಾಗಿದ್ದವರು ರಾತ್ರಿ ಮಕ್ಕಳನ್ನೇ ಗುರುತಿಸುವುದಿಲ್ಲ. ಅವಳು ನಿನ್ನ ಕೈ ತಳ್ಳಿ ಕೂಗಾಡಿದ್ದನ್ನು ಆ ಲೆಕ್ಕಕ್ಕೆ ಬಿಡು. ಅದನ್ನೇ ಅಮ್ಮನ ಕೊನೆಯ ಮಾತೆಂದು ಎದೆಯಲ್ಲಿಟ್ಟುಕೊಳ್ಳಬೇಡ.

ಆದರೆ ಎಲ್ಲವನ್ನೂ ಕಾಯಿಲೆಯ ತಲೆಗೆ ಕಟ್ಟುವುದು ಅಕ್ಕನಿಗೆ ಮಾಡುವ ಅನ್ಯಾಯ. ಬುದ್ಧಿ ತಿಳಿಯಾಗಿದ್ದಾಗಲೂ 'ನನಗೇ ಯಾಕೆ' ಎಂದು ಅವಳು ಕೇಳಿದ್ದಾಳೆ, ನನ್ನೆದುರೇ ಕೇಳಿದ್ದಾಳೆ. ಯಾರನ್ನು? ಚಿಕ್ಕಂದಿನಿಂದ ದಿನವೂ ಯಾರ ಹತ್ತಿರ ಮಾತಾಡಿದ್ದಳೋ ಅವನನ್ನೇ. ಅಷ್ಟು ಸಲಿಗೆಯಿತ್ತು ಅವಳಿಗೆ. ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು, ವಾಸಿಯಾಗದವರ ಆರೈಕೆಗೆಂದೇ. ಸಾಯುವವರ ನೋವು ಬರೀ ದೇಹದ್ದಲ್ಲ, ಮನಸ್ಸಿನದ್ದು, ಸಂಬಂಧಗಳದ್ದು, ಆತ್ಮದ್ದೂ ಹೌದು ಎಂದು ಅವರು ಗಟ್ಟಿಯಾಗಿ ಹೇಳಿದರು. ಅವರೂ ದೈವಭಕ್ತೆಯೇ. ಅಕ್ಕನ ಸಿಟ್ಟನ್ನು ನಾನು ಆ ಆತ್ಮದ ನೋವೆಂದೇ ತಿಳಿದಿದ್ದೇನೆ. ಇನ್ನು ಪ್ರಾರ್ಥನೆ ನಿಂತದ್ದು? ಉಸಿರಾಡುವುದಕ್ಕೇ ತ್ರಾಣವಿರಲಿಲ್ಲವಲ್ಲೋ. ಆದರೂ ನೀನು ಪಕ್ಕದಲ್ಲಿ ಕೂತು ಹೇಳಿದಾಗ ಅವಳ ತುಟಿ ಅಲುಗಿತೆಂದು ನೀನೇ ಬರೆದಿದ್ದೀಯ. ಬಾಲ್ಯದಲ್ಲಿ ಕಂಠಪಾಠವಾದದ್ದು ಬಹಳ ಆಳದಲ್ಲಿರುತ್ತದೆ, ಹೆಸರು ಮುಖಗಳು ಮರೆತ ಮೇಲೂ ಎಷ್ಟೋ ಜನರಲ್ಲಿ ಉಳಿಯುತ್ತದೆ.

ಅವಳು ಹೋದಾಗ ನಿರಾಳವೆನಿಸಿತು, ನಾನೆಂಥ ಮಗ ಅಂದಿದ್ದೀಯ. ವರ್ಷಗಟ್ಟಲೆ ಶುಶ್ರೂಷೆ ಮಾಡಿದವರಿಗೆ ಹಾಗನಿಸುವುದು ಸಹಜ. ಅವಳ ನರಳಾಟ ಮುಗಿಯಲೆಂದು ನೀನು ಬಯಸಿದೆ, ಅಷ್ಟೇ. ನಿದ್ದೆ ಬಾರದೆ ತಿಂಗಳುಗಳು ಕಳೆದರೆ ಮಾತ್ರ ಸಂಕೋಚಪಡದೆ ವೈದ್ಯರನ್ನು ಕಾಣು.

ಈಗ ಕಣ್ಣು ಮುಚ್ಚಿದರೆ ಹಾಸಿಗೆ ಹಿಡಿದ ಅಮ್ಮನೇ ಕಾಣುತ್ತಾಳೆ, ಗೊತ್ತು. ಹಳೆಯ ಅಮ್ಮ ನಿಧಾನವಾಗಿ ಹಿಂದಿರುಗುತ್ತಾಳೆ, ಆದರೆ ನೀನೂ ಕರೆಯಬೇಕು. ಅವಳನ್ನು ಬಲ್ಲವರ ಹತ್ತಿರ ಕೂತು ಮಾತಾಡಿಸು. ಸಂತಳನ್ನಾಗಿ ಮಾಡುವವರ ಮಾತನ್ನು ಮಾತ್ರ ಪೂರ್ತಿ ನಂಬಬೇಡ. ಅಕ್ಕ ಹಟಮಾರಿ, ಪ್ರಾರ್ಥನೆಗೆ ಅಡ್ಡಬಂದರೆ ಸಿಡುಕುತ್ತಿದ್ದಳು. ತಪ್ಪೆನಿಸಿದರೆ ತನಗಿಂತ ಎಷ್ಟೋ ಚಿಕ್ಕವರ ಬಳಿಯೂ ಹೋಗಿ ಕ್ಷಮೆ ಕೇಳುತ್ತಿದ್ದಳು. ಅವಳ ಭಕ್ತಿ ನನಗೆ ಅತಿ ಸ್ಪಷ್ಟವಾಗಿ ಕಂಡದ್ದು ಅಲ್ಲೇ.

ಅವಳ ನಿತ್ಯದ ಪ್ರಾರ್ಥನೆಯನ್ನು ಇನ್ನು ನೀನೇ ಮುಂದುವರಿಸಬೇಕೆಂದು ಯಾರಾದರೂ ಒತ್ತಾಯಿಸಿದರೆ ನನ್ನ ಹೆಸರು ಹೇಳು. ನಿನಗೇ ಬೇಕೆನಿಸಿದರೆ ಮಾಡು, ಇಲ್ಲದಿದ್ದರೆ ಇಲ್ಲ. ಆದರೆ ಅವಳ ಪ್ರಾರ್ಥನೆಯ ಪುಸ್ತಕ ನಿನ್ನ ಬಳಿಯೇ ಇರಲಿ. ಯಾರ್ಯಾರಿಗಾಗಿ ಬೇಡುತ್ತಿದ್ದಳೋ ಅವರ ಹೆಸರುಗಳನ್ನು ಅಂಚಿನಲ್ಲಿ ಬರೆದಿಟ್ಟಿದ್ದಾಳೆ. ಅವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡು. ಅವಳು ತೀರಿಕೊಂಡ ಸುದ್ದಿ ಇನ್ನೂ ತಿಳಿಯದವರು ಅದರಲ್ಲಿದ್ದಾರೆ.

ನಿನ್ನ ಚಿಕ್ಕಮ್ಮ