ಚೇಳಿನ ಪಾಕೀಟು ಮತ್ತು ನಿನ್ನ ಹೊಸ ಕೆಲ್ಸ

ಪುಟ್ಟೀ,

ದಿಲ್ಲೀಲಿ ಕೆಲ್ಸ ಸಿಕ್ತು ಅಂತ ನಿಮ್ಮಪ್ಪ ಫೋನ್ ಮಾಡಿ ಹೇಳ್ದ, ತುಂಬಾ ಖುಷಿ ಆಯ್ತು ಕಣವ್ವ. ಪಿರಿಯಾಪಟ್ಟಣದ ಕಡೆ ಹುಡುಗಿ ಅಷ್ಟು ದೂರ ಹೋಗಿ ಮಿನಿಸ್ಟ್ರಿ ಆಫೀಸರ್‌ಗಳ ಎದುರು ಕೂತು ಮಾತಾಡೋದು ಸಣ್ಣ ವಿಷ್ಯ ಅಲ್ಲ. ಏನ್ ಕೆಲ್ಸ ಅಂತ ಕೇಳಿದ್ದಕ್ಕೆ, ಕಾನೂನು ಹೆಂಗಿರ್ಬೇಕು ಅಂತ ಕಂಪನಿ ಪರವಾಗಿ ಸರ್ಕಾರಕ್ಕೆ ವಿವರಿಸೋದು ದೊಡ್ಡಪ್ಪ ಅಂದೆ. ಅವತ್ತಿಂದ ನಿಂಗೊಂದು ಮಾತು ಹೇಳ್ಬೇಕು ಅನ್ನಿಸ್ತಾನೇ ಇದೆ, ಫೋನಲ್ಲಿ ಆಗಲ್ಲ, ತಂಬಾಕು ಎಲೆ ಒಣಗಿಸೋ ಬ್ಯಾರನ್‌ಗೆ ಸೌದೆ ಹಾಕಿ ಕಾಯ್ತಾ ಕೂತಿರೋ ರಾತ್ರೀಲಿ ಟೈಪ್ ಮಾಡ್ತಿದೀನಿ.

ಕೆಲ್ಸ ಬಿಡು ಅಂತ ಹೇಳ್ತಿಲ್ಲ. ಸರ್ಕಾರದ ಹತ್ರ ಹೋಗಿ ನಮ್ಮ ಕಷ್ಟ ಹೇಳ್ಕೊಳೋದು ತಪ್ಪಲ್ಲ, ತಂಬಾಕು ಹರಾಜಲ್ಲಿ ರೇಟ್ ಬಿದ್ದಾಗ ನಾವೂ ಧರಣಿ ಕೂತೋರೇ. ಆದ್ರೆ ಯಾರ ಬಾಯಲ್ಲಿ ಯಾರ ಮಾತು ಬರ್ತಿದೆ ಅನ್ನೋದು ನೋಡ್ಬೇಕು.

ನಿಮ್ಮಜ್ಜಿ ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕ್ತಿದ್ದದ್ದು ನಿಂಗೆ ನೆನಪಿರ್ಬೇಕು. 2009ರ ಮೇ 31ರಿಂದ ತಂಬಾಕು ಪಾಕೀಟಿನ ಮೇಲೆ ಎಚ್ಚರಿಕೆ ಚಿತ್ರ ಕಡ್ಡಾಯ ಆಯ್ತಲ್ಲ, ಅಗಿಯೋ ತಂಬಾಕಿಗೆ ಹಾಕಿದ್ದು ಚೇಳಿನ ಚಿತ್ರ. ಕ್ಯಾನ್ಸರ್ ಬರುತ್ತೆ ಅಂತ ತಿಳ್ಸೋಕೆ ಚೇಳು! ಓದು ಬರದ ನಮ್ಮವ್ವ ಅದನ್ನ ಕಂಪನಿ ಮಾರ್ಕು ಅಂತಲೇ ತಿಳ್ಕೊಂಡಿದ್ಲು. ಚೇಳಿರೋ ಪಾಕೀಟೇ ಈಸ್ಕೊಂಡು ಬಾ ಮಗಾ, ಬೇರೆದು ಕೊಟ್ರೆ ಬ್ಯಾಡ ಅನ್ನು ಅಂತ ನಿನ್ನನ್ನೇ ಅಂಗಡಿಗೆ ಕಳಿಸ್ತಿದ್ಲು. ನೀನು ಆಗ ಲಂಗ ಹಾಕ್ಕೊಂಡು ಓಡಾಡೋ ಮಗು, ನಿನ್ನ ತಪ್ಪು ಏನೂ ಇಲ್ಲ.

ಆ ಚೇಳು ಎಲ್ಲಿಂದ ಬಂತು ಅಂತ ನಾನು ಆಮೇಲೆ ಓದಿ ತಿಳ್ಕೊಂಡೆ. 2006ರಲ್ಲೇ ನಿಯಮ ಮಾಡಿದ್ರು, ತಲೆಬುರುಡೆ ಮೂಳೆ ಚಿತ್ರ ಇರ್ಬೇಕು ಅಂತ. ಬೀಡಿ ಸಿಗರೇಟಿನೋರು, ಅವ್ರ ಪರ ಎಂಪಿಗಳು ಗಲಾಟೆ ಎಬ್ಬಿಸಿದ್ರು, ತಾರೀಖು ಮುಂದಕ್ಕೆ ಹೋಯ್ತು, ಮತ್ತೆ ಮುಂದಕ್ಕೆ ಹೋಯ್ತು, 2007ರಲ್ಲಿ ಕಾನೂನನ್ನೇ ತಿದ್ದಿ ಬುರುಡೆ ಕಡ್ಡಾಯ ಅಲ್ಲ ಅಂದ್ರು, ಕೊನೆಗೆ ಪಾಕೀಟಿನ ಮುಂಭಾಗದ ಶೇ. 40 ಜಾಗದಲ್ಲಿ ಈ ಚೇಳು ಬಂದು ಕೂತ್ಕೊಂತು. ಕಾನೂನೇ ಬೇಡ ಅಂದ್ರೆ ಜನ ಎದ್ದು ಕೇಳ್ತಾರೆ. ಚಿತ್ರ ಸ್ವಲ್ಪ ಮೆತ್ತಗಿರ್ಲಿ, ಇನ್ನೊಂದಾರು ತಿಂಗ್ಳು ಟೈಮ್ ಕೊಡಿ ಅಂದ್ರೆ ಯಾರ ಕಿವಿಗೂ ಬೀಳಲ್ಲ. ನಾಳೆ ನಿನ್ನ ಟೇಬಲ್ ಮೇಲೆ ಬರೋದೂ ಇಂಥವೇ ಸಣ್ಣ ಸಣ್ಣ ಪದಗಳು ಕಣವ್ವ.

2014ರ ಅಕ್ಟೋಬರಲ್ಲಿ ಎರಡೂ ಕಡೆ ಶೇ. 85 ಚಿತ್ರ ಅಂತ ಹೊಸ ಆದೇಶ ಬಂತು, 2015ರ ಏಪ್ರಿಲ್ 1ರಿಂದ ಜಾರಿ. ಪಾರ್ಲಿಮೆಂಟಿನ ಒಂದು ಕಮಿಟಿ ತಡೀರಿ ಅಂತು. ಅದರ ಅಧ್ಯಕ್ಷ ದಿಲೀಪ್ ಗಾಂಧಿ, ತಂಬಾಕಿಂದ ಕ್ಯಾನ್ಸರ್ ಬರುತ್ತೆ ಅನ್ನೋಕೆ ನಮ್ಮ ದೇಶದ ಸಂಶೋಧನೆ ಇಲ್ಲ ಅಂದ್ರು. ಅದೇ ಕಮಿಟೀಲಿ ಶ್ಯಾಮಾಚರಣ್ ಗುಪ್ತಾ ಅನ್ನೋ ಎಂಪಿ, ಸ್ವಂತ ಬೀಡಿ ವ್ಯಾಪಾರ ಇರೋರು. ಬೀಡಿ ಮಾರೋರೇ ಬೀಡಿ ಕಟ್ಟಿನ ಮೇಲೆ ಚಿತ್ರ ಎಷ್ಟು ದೊಡ್ಡದಿರ್ಬೇಕು ಅಂತ ನಿರ್ಧಾರ ಮಾಡೋದು! ಸರ್ಕಾರ ಮುಂದೂಡ್ತು. ಸುನೀತಾ ತೋಮರ್ ಅಂತ, ಬಾಯಿ ಕ್ಯಾನ್ಸರ್ ಆಗಿ ಸರ್ಕಾರದ ತಂಬಾಕು ಜಾಹೀರಾತಲ್ಲಿ ಮುಖ ತೋರ್ಸಿದ್ದ ಹೆಣ್ಣುಮಗಳು, ಪ್ರಧಾನಿಗೆ ಪತ್ರ ಬರೆದು ಬೇಜಾರು ಹೇಳ್ಕೊಂಡಿದ್ಲು. ಆ ಏಪ್ರಿಲ್ 1ನೇ ತಾರೀಖೇ ತೀರ್ಕೊಂಡ್ಲು, ಇಪ್ಪತ್ತೆಂಟು ವರ್ಷ. ಇದನ್ನ ಓದಿದಾಗೆಲ್ಲ ಹೊಟ್ಟೆ ತೊಳಸುತ್ತೆ ನಂಗೆ.

2016ರಲ್ಲಿ ಅಂತೂ ಜಾರಿ ಆಯ್ತು, ಸಿಗರೇಟ್ ಕಂಪನಿಗಳು ಫ್ಯಾಕ್ಟರಿ ನಿಲ್ಸಿದ್ವು, ಕೇಸುಗಳೆಲ್ಲ ನಮ್ಮ ಕರ್ನಾಟಕ ಹೈಕೋರ್ಟಿಗೇ ಬಂದ್ವು. 2017ರ ಡಿಸೆಂಬರಲ್ಲಿ ಹೈಕೋರ್ಟ್ ಆ ನಿಯಮ ರದ್ದು ಮಾಡ್ತು, ಮುಂದಿನ ತಿಂಗ್ಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಡ್ತು.

ಈಗ ನಾನು ಯಾರಿಗೂ ಹೇಳದೇ ಇರೋ ವಿಷ್ಯ. ಆ ಶೇ. 85 ಚಿತ್ರದ ಗಲಾಟೆ ಟೈಮಲ್ಲಿ ರೈತರನ್ನ ಪ್ರತಿಭಟನೆಗೆ ಕರ್ಕೊಂಡ್ಹೋಗೋಕೆ ನಮ್ಮೂರಿಗೆ ಎರಡು ಬಸ್ ಬಂದ್ವು, ಬ್ಯಾನರ್ ಪ್ರಿಂಟಾಗಿ ಬಂದಿತ್ತು, ತಿಂಡಿ ಊಟ ಎಲ್ಲಾ ಅವರದ್ದೇ, ಅವರು ಯಾರು ಅಂತ ನಾವು ಕೇಳ್ಲಿಲ್ಲ. ನಾನೂ ಹತ್ತಿದೆ. ಇಂಗ್ಲಿಷಲ್ಲಿದ್ದ ಮನವಿಗೆ ನೂರಾರು ಜನ ಸೈನ್ ಹಾಕಿದ್ವಿ. ಊರಿಗೆ ಬಂದ್ಮೇಲೆ ಒಂದು ಕಾಪಿ ನಿಮ್ಮಪ್ಪನ ಕೈಲಿ ಓದ್ಸಿದೆ. ನಮ್ಮ ಕಷ್ಟ ಏನು, ರೇಟು, ಸೌದೆ ಖರ್ಚು, ಬ್ಯಾರನ್ ಸಾಲ. ಇದ್ರ ಬಗ್ಗೆ ಒಂದೇ ಒಂದು ಸಾಲಿರ್ಲಿಲ್ಲ ಕಣವ್ವ, ಮೂರು ಪುಟ ಪೂರ್ತಿ ಚಿತ್ರದ ಸೈಜಿನ ಬಗ್ಗೆ. ಕೆಳಗೆ ರೈತರು ಅಂತ ನಮ್ಮ ಸೈನು. ನಮ್ಮವ್ವನಿಗೆ ಅಷ್ಟೊತ್ತಿಗೆ ಕೆನ್ನೆ ಒಳಗೆ ಹುಣ್ಣಾಗಿ ಗಂಜಿ ಬಿಟ್ರೆ ಏನೂ ಇಳೀತಿರ್ಲಿಲ್ಲ. ನಾನು ಆ ಕಾಗದ ಮಡಚಿ ಟ್ರಂಕಲ್ಲಿಟ್ಟೆ, ಇವತ್ತಿಗೂ ಅಲ್ಲೇ ಇದೆ.

ಅಮೆರಿಕಾದಲ್ಲಿ 1995ರ ಕಾನೂನು ಪ್ರಕಾರ ಲಾಬಿ ಮಾಡೋರು, ಅಂದ್ರೆ ನಿನ್ನ ಥರ ಕಂಪನಿ ಪರ ಸರ್ಕಾರದ ಹತ್ರ ಮಾತಾಡೋರು, ರಿಜಿಸ್ಟರ್ ಆಗ್ಬೇಕು, ಯಾರ ಪರ, ಎಷ್ಟು ದುಡ್ಡು ಅಂತ ಲೆಕ್ಕ ಕೊಡ್ಬೇಕು. ಅಲ್ಲಿನ ದೊಡ್ಡ ಅಂಗಡಿ ಕಂಪನಿ ವಾಲ್‌ಮಾರ್ಟ್ ಲಾಬಿಗೆ ಖರ್ಚು ಮಾಡಿದ ವಿಷಯಗಳಲ್ಲಿ ಇಂಡಿಯಾ ಮಾರ್ಕೆಟ್ಟೂ ಇತ್ತು ಅಂತ 2012ರಲ್ಲಿ ನಮಗೆ ಗೊತ್ತಾಗಿದ್ದೇ ಅಲ್ಲಿನ ಲೆಕ್ಕದಿಂದ, ನಮ್ಮ ಪಾರ್ಲಿಮೆಂಟಲ್ಲಿ ಗಲಾಟೆ ಆಗಿದ್ದು ಆಮೇಲೆ. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಕಂಪನಿಗಳು ಪಾರ್ಟಿಗಳಿಗೆ ಕೊಟ್ಟ ದುಡ್ಡನ್ನೂ ಚುನಾವಣಾ ಬಾಂಡ್ ಅಂತ ಮುಚ್ಚಿಟ್ಟಿದ್ರು, 2024ರ ಫೆಬ್ರವರಿ 15ಕ್ಕೆ ಸುಪ್ರೀಂ ಕೋರ್ಟ್ ರದ್ದು ಮಾಡೋವರೆಗೂ.

ಹಂಗಾಗಿ ನಿನ್ನನ್ನ ಯಾರೂ ಕೇಳಲ್ಲ, ನೀನೇ ಕೇಳ್ಕೋಬೇಕು. ನೀನು ತಯಾರು ಮಾಡೋ ಪ್ರತಿ ಕಾಗದದಲ್ಲಿ ಇದು ಇಂಥ ಕಂಪನಿ ಹೇಳ್ತಿರೋ ಮಾತು ಅಂತ ಮೊದ್ಲನೇ ಸಾಲಲ್ಲೇ ಬರಿ. ರೈತರ ಹೆಸರಲ್ಲಿ, ಸಣ್ಣ ಅಂಗಡಿಯೋರ ಹೆಸರಲ್ಲಿ ಬರಿ ಅಂತ ಬಾಸ್ ಹೇಳಿದ್ರೆ, ಅಂಥ ಇಬ್ರನ್ನ ಹುಡ್ಕಿ ಅವ್ರ ಭಾಷೇಲೇ ಓದಿ ಹೇಳು, ಹೌದು ಇದು ನಮ್ಮ ಮಾತೇ ಅಂದ್ರೆ ಮಾತ್ರ ಹಾಕು, ಇಲ್ಲಾಂದ್ರೆ ಆಗಲ್ಲ ಸರ್ ಅನ್ನು. ಅಷ್ಟಕ್ಕೇ ಕೆಲ್ಸ ಹೋದ್ರೆ ಬಂದ್ಬಿಡು, ಮನೇಲಿ ರಾಗಿ ಇದೆ, ಸಂಬಳದ ಬಗ್ಗೆ ನಿಮ್ಮಪ್ಪನ ಹತ್ರ ನಾನು ಮಾತಾಡ್ತೀನಿ.

ಆಯುಧಪೂಜೆಗೆ ಬಾ. ಟ್ರಂಕಲ್ಲಿರೋ ಆ ಕಾಗದ ನಿನ್ನ ಕೈಗೇ ಕೊಡ್ತೀನಿ, ದಿಲ್ಲಿಗೆ ತಗೊಂಡ್ಹೋಗು.

ನಿನ್ನ ದೊಡ್ಡಪ್ಪ