ಚೀಸ್ ಉಂಡೆಗೆ ಮೈದಾ ಅಲ್ಲ, ಮರಗೆಣಸಿನ ಪಿಷ್ಟ

ಸಂಪಾದಕರಿಗೆ,

ಹೊರದೇಶಗಳಲ್ಲಿ ನೆಲೆಸಿದ ಬ್ರೆಜಿಲಿಯನ್ನರ ಬಗ್ಗೆ ಪುರವಣಿಯಲ್ಲಿ ಬಂದ ಬರಹ ಸಾಂಬಾ ಕುಣಿತ, ಫುಟ್‌ಬಾಲ್‌ಗಳಲ್ಲೇ ಮುಗಿದುಹೋಗಿದೆ. ಅವರು ಒಂದು ಊರಿಗೆ ಏನು ಕೊಟ್ಟರು ಎಂದು ತಿಳಿಯಲು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ನೋಡಬೇಕು. 1951ರಲ್ಲಿ ಹೆದ್ದಾರಿ ಪಕ್ಕ ದೊಡ್ಡ ಶಾಪಿಂಗ್ ಸೆಂಟರ್ ತೆರೆದ ಮೇಲೆ ಅಲ್ಲಿನ ಹಳೇ ಪೇಟೆ ಸೊರಗುತ್ತ ಬಂತು. 1989ರಲ್ಲಿ ಜನರಲ್ ಮೋಟಾರ್ಸ್ ಕಾರ್ಖಾನೆಯೂ ಬಾಗಿಲು ಹಾಕಿತು. ಖಾಲಿ ಬಿದ್ದ ಮಳಿಗೆಗಳನ್ನು ಹಿಡಿದು ವ್ಯಾಪಾರ ಕುದುರಿಸಿದವರಲ್ಲಿ ಬ್ರೆಜಿಲಿಯನ್ನರು ಮುಖ್ಯರು. ಬಹಳಷ್ಟು ಮಂದಿ ಬ್ರೆಜಿಲ್‌ನ ಮಿನಾಸ್ ಜೆರೈಸ್ ರಾಜ್ಯದ ಗವರ್ನಡೋರ್ ವಲಡಾರಿಸ್ ಕಡೆಯವರು. ಎರಡನೇ ಮಹಾಯುದ್ಧದ ಹೊತ್ತಿಗೆ ಕಾಗೆಬಂಗಾರಕ್ಕಾಗಿ ಅಮೆರಿಕನ್ನರೇ ಆ ಊರಿಗೆ ಹೋಗಿದ್ದರು. ನಂಟಿನ ಬೇರು ಅಲ್ಲಿದೆ.

ಈಗ ಪೇಟೆಯಲ್ಲಿ ಅವರ ಬೇಕರಿಗಳಿವೆ, ಊರಿಗೆ ಹಣ ಕಳಿಸುವ ಅಂಗಡಿಗಳಿವೆ, ತೂಕದ ಲೆಕ್ಕದಲ್ಲಿ ಊಟ ಕೊಡುವ ಹೋಟೆಲುಗಳಿವೆ. ಅನ್ನ, ಬೇಯಿಸಿದ ಕಾಳು, ಸೊಪ್ಪಿನ ಪಲ್ಯ, ಕೆಂಡದಲ್ಲಿ ಸುಟ್ಟ ಮಾಂಸ ಬೇಕಾದಷ್ಟು ಬಡಿಸಿಕೊಂಡು ತಟ್ಟೆಯನ್ನು ತಕ್ಕಡಿಗೆ ಇಟ್ಟರೆ, ತಟ್ಟೆಯ ಭಾರ ಕಳೆದು ಬಿಲ್ ಮಾಡುತ್ತಾರೆ. ತೂಗಿಸಿ ಕೊಂಡದ್ದನ್ನು ಬಿಸಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ನಮ್ಮ ಬಫೆಯವರು ಯೋಚಿಸಬಹುದು!

ನಮ್ಮ ಮುಖ್ಯ ತಕರಾರು ಬರಹದ ಜೊತೆ ಕೊಟ್ಟ ‘ಪಾವ್ ಜಿ ಕೇಜು’ ಎಂಬ ಚೀಸ್ ಉಂಡೆಯ ವಿಧಾನದ ಬಗ್ಗೆ. ಅದರಲ್ಲಿ ಮೈದಾ, ಯೀಸ್ಟ್ ಎಂದಿದೆ. ಎರಡೂ ತಪ್ಪು. ಇದು ಮರಗೆಣಸಿನ ಪಿಷ್ಟದ ತಿಂಡಿ. ಒದ್ದೆ ಪಿಷ್ಟವನ್ನು ವಾರಗಟ್ಟಲೆ ನೀರಿನಡಿ ಹುಳಿ ಬರಿಸಿ ಬಿಸಿಲಲ್ಲಿ ಒಣಗಿಸಿರುತ್ತಾರೆ. ಹುಳಿ, ಬಿಸಿಲು ಎರಡೂ ಸೇರಿದ್ದರಿಂದಲೇ ಉಂಡೆ ಓವನ್‌ನಲ್ಲಿ ಉಬ್ಬುತ್ತದೆ. ಯಂತ್ರದಲ್ಲಿ ಒಣಗಿಸಿದ್ದು ಅಷ್ಟು ಉಬ್ಬದು.

ಅಳತೆ ಹೀಗೆ: ಪಿಷ್ಟ 500 ಗ್ರಾಂ, ಹಾಲು 250 ಮಿ.ಲೀ., ಎಣ್ಣೆ 125 ಮಿ.ಲೀ., ಮೊಟ್ಟೆ 2, ತುರಿದ ಚೀಸ್ 250 ಗ್ರಾಂ, ಉಪ್ಪು ಒಂದು ಚಮಚ. ಹಾಲು, ಎಣ್ಣೆ, ಉಪ್ಪು ಒಟ್ಟಿಗೆ ಉಕ್ಕುವಾಗಲೇ ಪಿಷ್ಟಕ್ಕೆ ಸುರಿದು ಕಲಸಬೇಕು. ಬೆಚ್ಚಗಿನ ಹಾಲಾದರೆ ಪಿಷ್ಟ ಬೇಯದೆ ಹಿಟ್ಟು ಕೂಡಿಕೊಳ್ಳುವುದಿಲ್ಲ. ಕೈಗೆ ಹಿತವೆನಿಸುವಷ್ಟು ಆರಿದ ಮೇಲೆ ಮೊಟ್ಟೆಗಳನ್ನು ಒಂದೊಂದಾಗಿ ಹಾಕಿ, ಇಲ್ಲದಿದ್ದರೆ ಅವು ಹಿಟ್ಟಿನಲ್ಲೇ ಬೆಂದು ಗಂಟಾಗುತ್ತವೆ. ಕೊನೆಗೆ ಚೀಸ್. ಮಿನಾಸ್‌ನ ಹಳೆಯ ಗಟ್ಟಿ ಚೀಸ್ ಸಿಗದ ಕಡೆ ಪಾರ್ಮೆಸಾನ್, ಮೊಝರೆಲ್ಲಾ ಅರ್ಧರ್ಧ ಬೆರೆಸುತ್ತಾರೆ. ಪನೀರ್ ಬೇಡ, ಅದು ಕರಗುವುದಿಲ್ಲ. ಹಿಟ್ಟು ಅಂಟಂಟಾಗಿಯೇ ಇರಬೇಕು. ಅಂಗೈಗೆ ಎಣ್ಣೆ ಸವರಿ ನಿಂಬೆಗಿಂತ ಚಿಕ್ಕ ಉಂಡೆ ಕಟ್ಟಿ, ಮೊದಲೇ ಕಾದ ಓವನ್‌ನಲ್ಲಿ 200 ಡಿಗ್ರಿಗೆ 20–25 ನಿಮಿಷ. ಮೊದಲ 15 ನಿಮಿಷ ಬಾಗಿಲು ತೆರೆದರೆ ಕುಸಿಯುತ್ತದೆ. ಉಳಿದ ಹಸಿ ಉಂಡೆ ಫ್ರೀಜರ್‌ನಲ್ಲಿಟ್ಟು, ಬೇಕೆಂದಾಗ ನೇರ ಓವನ್‌ಗೆ ಹಾಕಬಹುದು.

ನಮ್ಮ ಸಬ್ಬಕ್ಕಿಯೂ ಇದೇ ಗೆಡ್ಡೆಯದು. ಆದರೆ ಅದನ್ನು ತಯಾರಿಸುವಾಗಲೇ ಪಿಷ್ಟ ಅರೆಬೆಂದಿರುವುದರಿಂದ ಪುಡಿ ಮಾಡಿ ಬಳಸಿದರೆ ಫಲವಿಲ್ಲ.

ಗೋಧಿ ಒಗ್ಗದವರು ನಂಬಿಕೆಯಿಂದ ತಿನ್ನುವ ತಿಂಡಿಯಿದು. ಮೈದಾ ಎಂದು ಅಚ್ಚಾಗಿರುವುದಕ್ಕೆ ಮುಂದಿನ ಪುರವಣಿಯಲ್ಲೇ ತಿದ್ದುಪಡಿ ಹಾಕಬೇಕೆಂದು ಕೋರುತ್ತೇವೆ.

– ಕನ್ನಡಿಗ ಓದುಗರು, ಫ್ರೇಮಿಂಗ್‌ಹ್ಯಾಮ್