ಯುಪಿಎಸ್ ಪೆಟ್ಟಿಗೆಯ ಮೇಲೆ ವ್ಯಾಟ್ ಮತ್ತು ನಿಮಿಷ ನಮೂದಾಗಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ನಮ್ಮ ಮಲೆನಾಡಿನಲ್ಲಿ ತಂತಿಯ ಮೇಲೆ ಮರ ಬಿದ್ದು ಗಂಟೆಗಟ್ಟಲೆ ಕರೆಂಟು ಹೋಗುವುದು ವಾಡಿಕೆ. ಹೀಗಾಗಿ ಕಂಪ್ಯೂಟರ್ ಕೊಂಡವರೆಲ್ಲ, ಕರೆಂಟು ಹೋದಾಗ ಅದನ್ನು ಸ್ವಲ್ಪ ಹೊತ್ತು ಬ್ಯಾಟರಿಯಿಂದ ನಡೆಸುವ ಯುಪಿಎಸ್ಸನ್ನೂ ಕೊಳ್ಳುತ್ತಾರೆ. ಆದರೆ ಅಂಗಡಿಯಲ್ಲಿ ಅದು ಮಾರಾಟವಾಗುವುದು ‘600 ವಿಎ’, ‘1000 ವಿಎ’ (ವೋಲ್ಟ್-ಆಂಪಿಯರ್) ಎಂಬ ಅಂಕಿಯ ಮೇಲೆ. ಅದು ಎಷ್ಟು ವ್ಯಾಟ್ ಹೊರುತ್ತದೆ, ಎಷ್ಟು ನಿಮಿಷ ನಡೆಯುತ್ತದೆ ಎಂಬುದನ್ನು ಕೇಳದೆ ಯಾರೂ ಹೇಳುವುದಿಲ್ಲ.

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ನಡೆಸುವ ನಾನೂ ಹಾಗೆಯೇ 600 ವಿಎ ಯುಪಿಎಸ್ ತಂದು ಕಂಪ್ಯೂಟರನ್ನೂ ಲೇಸರ್ ಪ್ರಿಂಟರನ್ನೂ ಅದಕ್ಕೇ ಜೋಡಿಸಿದ್ದೆ. ಕಳೆದ ಆಷಾಢದಲ್ಲಿ ಒಬ್ಬ ವಿದ್ಯಾರ್ಥಿನಿಯ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದಾಗ ಕರೆಂಟು ಹೋಯಿತು. ಅಷ್ಟರವರೆಗೆ ತುಂಬಿದ್ದನ್ನು ಮುದ್ರಿಸಿಕೊಳ್ಳೋಣವೆಂದು ಪ್ರಿಂಟ್ ಒತ್ತಿದೊಡನೆ ಯುಪಿಎಸ್ ಒಂದೇ ಸಮನೆ ಕೂಗಿ ಎಲ್ಲವೂ ಆರಿಹೋಯಿತು. ಆ ಹುಡುಗಿ ಮರುದಿನ ಎರಡನೆಯ ಸಲ ಬಸ್ಸು ಹತ್ತಿ ಬರಬೇಕಾಯಿತು.

ಇಂಥ 600 ವಿಎ ಯುಪಿಎಸ್ಸುಗಳಲ್ಲಿ ಹೆಚ್ಚಿನವು ಹೊರುವುದು 360 ವ್ಯಾಟ್ ಮಾತ್ರ. ಲೇಸರ್ ಪ್ರಿಂಟರಿನ ಒಳಗಿನ ರೋಲರ್ ಬಿಸಿಯಾಗುವಾಗ ಆ ಪ್ರಿಂಟರೊಂದೇ ಅದಕ್ಕಿಂತ ಹೆಚ್ಚು ಎಳೆಯಬಲ್ಲದು. ಆದ್ದರಿಂದ ಅದನ್ನು ಯುಪಿಎಸ್ಸಿಗೆ ಜೋಡಿಸಲೇಬಾರದೆಂದು ನನಗೆ ತಿಳಿದದ್ದು ಆಮೇಲೆ. ಒಳಗಿರುವ 12 ವೋಲ್ಟ್, 7 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿಯ ಲೆಕ್ಕ ಕಾಗದದ ಮೇಲೆ 84 ವ್ಯಾಟ್-ಗಂಟೆ. ಆದರೆ ಲೋಡ್, ಅಂದರೆ ಜೋಡಿಸಿದ ಸಾಧನಗಳು ಎಳೆಯುವ ವಿದ್ಯುತ್, ಹೆಚ್ಚಿದಷ್ಟೂ ಬ್ಯಾಟರಿ ತನ್ನ ಪೂರ್ಣ ಶಕ್ತಿಯನ್ನು ಕೊಡದೆ ಬೇಗ ಕೈಬಿಡುವುದರಿಂದ, 150 ವ್ಯಾಟ್ ಎಳೆಯುವ ಕಂಪ್ಯೂಟರಿಗೆ ಹದಿನೈದು ನಿಮಿಷ ಸಿಕ್ಕರೆ ಅದೇ ದೊಡ್ಡದು. ‘ಅರ್ಧ ಗಂಟೆ ಬರುತ್ತದೆ’ ಎನ್ನುವ ಮಾತು ಎಷ್ಟು ಲೋಡಿಗೆ ಎಂದು ಹೇಳದಿದ್ದರೆ ಅರ್ಥವಿಲ್ಲದ್ದು. ಎರಡು ಮೂರು ವರ್ಷ ಕಳೆದ ಬ್ಯಾಟರಿಯಿಂದ ಅಷ್ಟೂ ಸಿಗದು. ಗಂಟೆಗಟ್ಟಲೆ ಕೆಲಸ ನಡೆಯಬೇಕಾದವರಿಗೆ ದೊಡ್ಡ ಬ್ಯಾಟರಿಯ ಇನ್ವರ್ಟರೇ ಸರಿ. ಅದರಲ್ಲೂ ಬೇಗನೆ ಬ್ಯಾಟರಿಗೆ ಬದಲಾಗುವ ‘ಯುಪಿಎಸ್ ಮೋಡ್’ ಹಾಕಿಕೊಳ್ಳದಿದ್ದರೆ ಕರೆಂಟು ಹೋದ ಕ್ಷಣಕ್ಕೆ ಕಂಪ್ಯೂಟರ್ ರೀಸ್ಟಾರ್ಟ್ ಆಗುವ ಸಂಭವವಿದೆ.

ಸುರಕ್ಷತೆಯ ದೃಷ್ಟಿಯಿಂದ ಯುಪಿಎಸ್ಸಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯವಾಗಿರುವಂತೆಯೇ, ಅದು ಹೊರುವ ವ್ಯಾಟ್ ಮತ್ತು 100, 200 ವ್ಯಾಟ್ ಲೋಡಿಗೆ ಎಷ್ಟು ನಿಮಿಷ ನಡೆಯುತ್ತದೆ ಎಂಬ ವಿವರವನ್ನು ಪೆಟ್ಟಿಗೆಯ ಮುಂಭಾಗದಲ್ಲಿ ಕನ್ನಡದಲ್ಲೂ ದಪ್ಪ ಅಕ್ಷರಗಳಲ್ಲಿ ಮುದ್ರಿಸುವುದನ್ನು ಸಂಬಂಧಪಟ್ಟ ಇಲಾಖೆಯವರು ಕಡ್ಡಾಯಗೊಳಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಅಲ್ಲಿಯವರೆಗೆ ಅಂಗಡಿಯವರು ಗ್ರಾಹಕರು ಏನೇನು ಜೋಡಿಸುತ್ತಾರೆಂದು ವಿಚಾರಿಸಿ, ಈ ಎರಡು ಅಂಕಿಗಳನ್ನು ಬಿಲ್ಲಿನ ಮೇಲಾದರೂ ಬರೆದುಕೊಡಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು